ಹಳೆಯ ಕ್ಯಾರವಾನ್ ಕೊಟ್ಟು ದೊಡ್ಡದನ್ನು ಕೊಳ್ಳುವಾಗ: ಸವಕಳಿ ಮತ್ತು ಮರುಮಾರಾಟದ ಬೆಲೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಸುತ್ತಮುತ್ತ ಕ್ಯಾರವಾನ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ ಪ್ರವಾಸದ ವ್ಯಾನು) ಇಟ್ಟುಕೊಂಡಿರುವ ಕುಟುಂಬದವರೂ ಹೋಂಸ್ಟೇ ಮಾಲೀಕರೂ ವಾಹನ ಬದಲಿಸಬೇಕೆಂದು ಯೋಚಿಸುವಾಗ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಉದಾಹರಣೆಗಳಲ್ಲಿ ಬರುವ ವಾಹನದ ಬೆಲೆಗಳು ಲೆಕ್ಕ ತೋರಿಸುವುದಕ್ಕಾಗಿ ಮಾತ್ರ ಇಟ್ಟುಕೊಂಡವು.

ಕ್ಯಾರವಾನಿನ ಬೆಲೆ ಕಾರಿನ ಬೆಲೆಯಂತೆಯೇ ಇಳಿಯುತ್ತದೆಯೇ?

ಇಲ್ಲ. ಒಂದೇ ಆರ್‌ಸಿಯ ಅಡಿಯಲ್ಲಿ ಇಲ್ಲಿ ಎರಡು ಬೇರೆ ಬೇರೆ ಸ್ವತ್ತುಗಳಿವೆ. ಒಂದು, ಎಂಜಿನ್, ಗೇರ್‌ಬಾಕ್ಸ್, ಚಾಸಿ ಮತ್ತು ಹೊರಮೈ ಸೇರಿದ ಮೂಲ ವ್ಯಾನು. ಅದು ಫೋರ್ಸ್ ಟ್ರಾವೆಲರ್ ಅಥವಾ ಟಾಟಾ ವಿಂಗರ್ ಆಗಿದ್ದರೆ, ಶಾಲಾ ವ್ಯಾನು, ಆಂಬುಲೆನ್ಸ್, ಮದುವೆ ದಿಬ್ಬಣದ ಟಿಟಿ ಎಂದು ಊರೂರಲ್ಲೂ ಓಡುವ ವಾಹನವಾದ್ದರಿಂದ ಬಿಡಿಭಾಗವೂ ಮೆಕ್ಯಾನಿಕ್ಕೂ ಸುಲಭವಾಗಿ ಸಿಗುತ್ತಾರೆ, ಕೊಳ್ಳುವವರೂ ಇರುತ್ತಾರೆ. ಇನ್ನೊಂದು, ಮಂಚ, ಅಡುಗೆ ಕಟ್ಟೆ, ಫ್ರಿಜ್, ಬ್ಯಾಟರಿ, ಸೋಲಾರ್, ಶೌಚಾಲಯ ಸೇರಿದ ಒಳಾಂಗಣ. ಇದನ್ನು ಮೊದಲ ಮಾಲೀಕರು ತಮ್ಮ ಕುಟುಂಬದ ಅಗತ್ಯಕ್ಕೆ ತಕ್ಕಂತೆ ಮಾಡಿಸಿರುತ್ತಾರೆ. ಅದೇ ಅಗತ್ಯವಿರುವ ಇನ್ನೊಬ್ಬರು ಸಿಕ್ಕಾಗ ಮಾತ್ರ ಅದಕ್ಕೆ ಬೆಲೆ ಬರುತ್ತದೆ. ಮೊದಲನೆಯದು ನಿಧಾನವಾಗಿ ಇಳಿಯುತ್ತದೆ, ಎರಡನೆಯದು ಬೇಗ ಇಳಿಯುತ್ತದೆ. ಇವೆರಡನ್ನೂ ಕೂಡಿಸಿ ಒಂದೇ ಶೇಕಡಾ ಲೆಕ್ಕ ಹಾಕಿದರೆ ಉತ್ತರ ತಪ್ಪಾಗುತ್ತದೆ.

ವಿಮಾ ಪಾಲಿಸಿಯಲ್ಲಿರುವ ಐಡಿವಿಯೇ ಮಾರಾಟದ ಬೆಲೆಯೇ?

ಅಲ್ಲ, ಆದರೆ ಮಾತು ಶುರು ಮಾಡಲು ಅದು ಒಳ್ಳೆಯ ಆಧಾರ. ವಾಹನ ಕಳವಾದರೆ ಅಥವಾ ಪೂರ್ತಿ ನಾಶವಾದರೆ ವಿಮಾ ಕಂಪನಿ ಕೊಡುವ ಗರಿಷ್ಠ ಮೊತ್ತವೇ ಐಡಿವಿ. ತಯಾರಕರ ಮಾರಾಟ ಬೆಲೆಯಿಂದ ಸವಕಳಿ ಕಳೆಯುವ ಕ್ರಮ ಹೀಗಿದೆ: ವಾಹನಕ್ಕೆ ಆರು ತಿಂಗಳಾಗುವವರೆಗೆ ಶೇ 5, ಒಂದು ವರ್ಷದವರೆಗೆ ಶೇ 15, ಎರಡು ವರ್ಷದವರೆಗೆ ಶೇ 20, ಮೂರರವರೆಗೆ ಶೇ 30, ನಾಲ್ಕರವರೆಗೆ ಶೇ 40, ಐದರವರೆಗೆ ಶೇ 50. ಐದು ವರ್ಷ ದಾಟಿದ ಮೇಲೆ ಕಂಪನಿಯೂ ಮಾಲೀಕರೂ ಒಪ್ಪಿಕೊಂಡ ಮೊತ್ತವೇ ಐಡಿವಿ.

ಈ ಕೋಷ್ಟಕಕ್ಕೆ ವಾಹನದ ವಯಸ್ಸು ಮಾತ್ರ ಗೊತ್ತು. ಅದು ಶೆಡ್ಡಿನಲ್ಲಿ ನಿಂತಿತ್ತೋ ಮಳೆಯಲ್ಲಿ ನಿಂತಿತ್ತೋ ಗೊತ್ತಿಲ್ಲ. ಜೊತೆಗೆ, ನೀವು ನಂತರ ಮಾಡಿಸಿದ ಒಳಾಂಗಣವನ್ನು ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಘೋಷಿಸಿ ಪ್ರೀಮಿಯಂ ಕಟ್ಟಿರದಿದ್ದರೆ ಅದು ಐಡಿವಿಯಲ್ಲಿ ಸೇರಿರುವುದೇ ಇಲ್ಲ. ಈ ಒಂದು ಸಾಲನ್ನು ಓದಿದ ಕೂಡಲೇ ನಿಮ್ಮ ಪಾಲಿಸಿಯನ್ನು ತೆಗೆದು ನೋಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ, ಏಕೆಂದರೆ ಲಕ್ಷಗಟ್ಟಲೆ ಹಣದ ಒಳಾಂಗಣ ವಿಮೆಯಿಲ್ಲದೆ ಓಡಾಡುತ್ತಿರುವುದು ಮಾಲೀಕರಿಗೆ ತಿಳಿದಿರುವುದಿಲ್ಲ.

ಹಾಗಾದರೆ ನನ್ನ ವಾಹನದ ಬೆಲೆಯನ್ನು ನಾನೇ ಅಂದಾಜು ಮಾಡುವುದು ಹೇಗೆ?

ಅದೇ ಮಾದರಿಯ, ಅದೇ ವರ್ಷದ, ಒಳಗೆ ಬರೀ ಸೀಟುಗಳಿರುವ ವ್ಯಾನಿಗೆ ಶಿವಮೊಗ್ಗ, ದಾವಣಗೆರೆ ಮತ್ತು ಬೆಂಗಳೂರಿನಲ್ಲಿ ಎಷ್ಟು ಬೆಲೆಯಿದೆ ಎಂದು ಮೊದಲು ವಿಚಾರಿಸಿ. ಅದು ನಿಮ್ಮ ತಳಬೆಲೆ. ನಂತರ ಒಳಾಂಗಣದ ಒಂದೊಂದು ವಸ್ತುವಿಗೂ ನೀವು ಕೊಟ್ಟ ಬೆಲೆಯನ್ನು ಮರೆತು, ಇಂದು ಹೊಸದಕ್ಕೆ ಎಷ್ಟು ಮತ್ತು ಇನ್ನೆಷ್ಟು ಆಯುಷ್ಯ ಉಳಿದಿದೆ ಎಂದು ನೋಡಿ ಮೌಲ್ಯ ಕಟ್ಟಿ. ಕೊನೆಗೆ, ಕೊಳ್ಳುವವರು ಕೂಡಲೇ ಮಾಡಿಸಬೇಕಾದ ಖರ್ಚನ್ನು ಕಳೆಯಿರಿ.

ಬರೀ ವ್ಯಾನಿಗೆ 9 ಲಕ್ಷ ಬೆಲೆಯಿದೆ ಎಂದಿಟ್ಟುಕೊಳ್ಳೋಣ. ಒಳಾಂಗಣಕ್ಕೆ ನೀವು 7 ಲಕ್ಷ ಹಾಕಿದ್ದಿರಿ, ಅದರಲ್ಲಿ ಬ್ಯಾಟರಿ, ಸೋಲಾರ್, ಫ್ರಿಜ್, ಮರಗೆಲಸ ಎಲ್ಲಕ್ಕೂ ಸೇರಿ ಇಂದು ಎರಡೂವರೆ ಲಕ್ಷದ ಉಪಯೋಗ ಉಳಿದಿದೆ. ಟೈರು ಮತ್ತು ಚಾವಣಿಯ ಸೀಲಂಟ್ (ಜೋಡಣೆಗಳಲ್ಲಿ ನೀರು ಇಳಿಯದಂತೆ ಮುಚ್ಚುವ ಅಂಟು) ಕೆಲಸಕ್ಕೆ 1 ಲಕ್ಷ ಬೇಕು. ಆಗ ನ್ಯಾಯವಾದ ಬೆಲೆ ಹತ್ತೂವರೆ ಲಕ್ಷ. ಏಳು ಲಕ್ಷ ಹಾಕಿದ್ದು ಎರಡೂವರೆಯಾಗಿದೆ ಎಂದು ಒಪ್ಪಿಕೊಳ್ಳುವುದು ಕಷ್ಟವೇ. ಆದರೆ ಉಳಿದ ಹಣ ಆ ವರ್ಷಗಳ ಪ್ರವಾಸದಲ್ಲಿ ಬಳಕೆಯಾಗಿದೆ, ಅದನ್ನು ಮುಂದಿನ ಮಾಲೀಕರಿಂದ ಕೇಳುವಂತಿಲ್ಲ.

ಮಲೆನಾಡಿನ ಮಳೆಯಿಂದ ಬೆಲೆಗೆ ನಿಜವಾಗಿಯೂ ಅಷ್ಟು ಪೆಟ್ಟು ಬೀಳುತ್ತದೆಯೇ?

ಬೀಳುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಈ ಪುಟದ ಅತಿ ಮುಖ್ಯ ಪ್ರಶ್ನೆ ಇದೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆಯಾಗುತ್ತದೆ. ಶಿವಮೊಗ್ಗ ನಗರದ ಮಳೆ ಅದರ ಒಂದು ಸಣ್ಣ ಪಾಲು. ಹಾಗಾಗಿ ಒಂದೇ ದಿನ ಕೊಂಡ ಎರಡು ಕ್ಯಾರವಾನುಗಳಲ್ಲಿ ಒಂದು ನಗರದ ಕಾರು ಶೆಡ್ಡಿನಲ್ಲಿ, ಇನ್ನೊಂದು ಆಗುಂಬೆ ಕಡೆಯ ಮನೆಯಂಗಳದಲ್ಲಿ ಬಯಲಿಗೆ ನಿಂತಿದ್ದರೆ, ಐದು ವರ್ಷಗಳ ನಂತರ ಅವು ಒಂದೇ ಬೆಲೆಯ ವಾಹನಗಳಾಗಿ ಉಳಿದಿರುವುದಿಲ್ಲ.

ನೀರು ಒಳಗೆ ಬರುವ ಜಾಗಗಳು ಹೆಚ್ಚಾಗಿ ಚಾವಣಿಯಲ್ಲಿವೆ: ಗಾಳಿಕಿಂಡಿ, ಎಸಿಗಾಗಿ ಕತ್ತರಿಸಿದ ತೂತು, ಸೋಲಾರ್ ಹಲಗೆಯ ಸ್ಕ್ರೂಗಳು, ವೈರು ಇಳಿಸಿದ ರಂಧ್ರ. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿಗೆ ಸೀಲಂಟ್ ಒಣಗಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಜೂನ್‌ನಲ್ಲಿ ಹಿಡಿದ ಮಳೆ ಅದೇ ಬಿರುಕಿನಿಂದ ಇಳಿದು ಗೋಡೆಯ ಹಿಂದಿನ ಪ್ಲೈವುಡ್ಡನ್ನು ಸೇರುತ್ತದೆ. ಹೊರಗೆ ಲ್ಯಾಮಿನೇಟ್ ಹೊಳೆಯುತ್ತಲೇ ಇರುವುದರಿಂದ ಒಳಗಿನ ಮರ ಮೆತ್ತಗಾದದ್ದು ಕಾಣುವುದು ತಡವಾಗಿ. ಆದ್ದರಿಂದ ಪ್ರತಿ ವರ್ಷ ಮೇ ತಿಂಗಳಲ್ಲಿ, ಮೊದಲ ಮಳೆಗೆ ಮುಂಚೆ, ಚಾವಣಿಯ ಎಲ್ಲ ಜೋಡಣೆಗಳನ್ನೂ ಪರಿಶೀಲಿಸಿ ಸೀಲಂಟ್ ಹೊಸದಾಗಿ ಹಾಕಿಸಿ, ಬಿಲ್ಲನ್ನು ಇಟ್ಟುಕೊಳ್ಳಿ.

ಅನುಭವವಿರುವ ಖರೀದಿದಾರರು ತೇವಾಂಶ ಅಳೆಯುವ ಮೀಟರ್ ತರುತ್ತಾರೆ. ಮರದ ತೇವ ಶೇ 15ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ, 15ರಿಂದ 20ರ ನಡುವೆ ಇದ್ದರೆ ಗಮನ ಬೇಕು, 20 ದಾಟಿದರೆ ಸೋರಿಕೆಯ ಸಂಶಯ ಬರುತ್ತದೆ. ಆದರೆ ಈ ಅಂಕಿಗಳನ್ನು ಮಲೆನಾಡಿನ ಆಗಸ್ಟ್‌ನಲ್ಲಿ ಕಣ್ಣುಮುಚ್ಚಿ ಬಳಸುವುದು ಅನ್ಯಾಯ. ಗಾಳಿಯ ಆರ್ದ್ರತೆ ಶೇ 80ರಿಂದ 90ರಷ್ಟಿರುವಾಗ ಹನಿ ನೀರು ಸೋರದಿದ್ದರೂ ಮರ ಗಾಳಿಯಿಂದಲೇ ತೇವ ಹೀರಿಕೊಂಡು 16ರಿಂದ 20ರವರೆಗೆ ತೋರಿಸುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಒಂದೇ ಅಂಕಿಯನ್ನು ನೋಡದೆ, ಗೋಡೆಯ ನಡುವಿನ ಅಂಕಿಯನ್ನೂ ಕಿಟಕಿಯ ಮೂಲೆಯ ಅಂಕಿಯನ್ನೂ ಹೋಲಿಸಬೇಕು. ಎಲ್ಲ ಕಡೆ ಒಂದೇ ಸಮ ಇದ್ದರೆ ಅದು ಹವೆಯ ತೇವ, ಒಂದು ಮೂಲೆಯಲ್ಲಿ ಮಾತ್ರ ಜಿಗಿದರೆ ಸೋರಿಕೆ. ಮಾರುವವರು ಫೆಬ್ರವರಿಯಲ್ಲಿ ಒಮ್ಮೆ ಅಳೆದು, ಜಾಗದ ಫೋಟೊ ಸಮೇತ ಬರೆದಿಟ್ಟುಕೊಂಡರೆ ಚೌಕಾಸಿಯಲ್ಲಿ ತುಂಬ ನೆರವಾಗುತ್ತದೆ.

ಮರಗೆಲಸಕ್ಕೆ ಐಎಸ್ 710 ದರ್ಜೆಯ ಮರೈನ್ ಪ್ಲೈವುಡ್ ಬಳಸಿದ್ದರೆ ಅದರ ಬಿಲ್ಲು ಚಿನ್ನದಷ್ಟು ಮುಖ್ಯ, ಏಕೆಂದರೆ ಸಾಮಾನ್ಯ ಕಮರ್ಷಿಯಲ್ ಪ್ಲೈಗೂ ಅದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಇನ್ನು ನಿಲ್ಲಿಸುವ ರೀತಿ: ಟಾರ್ಪಾಲಿನ್ ಬಿಗಿಯಾಗಿ ಸುತ್ತಿದರೆ ಒಳಗಿನ ಆವಿ ಹೊರಹೋಗದೆ ಬೂಷ್ಟು ಹಿಡಿದು ಮುಗ್ಗುಲು ವಾಸನೆ ಬರುತ್ತದೆ. ಬದಿಗಳು ತೆರೆದಿರುವ ಶೀಟಿನ ಮಾಡು, ಕೆಳಗೆ ಸಿಮೆಂಟ್ ನೆಲ, ಇವೆರಡು ಇದ್ದರೆ ಸಾಕು. ಮಣ್ಣಿನ ನೆಲದಲ್ಲಿ ಮಳೆಗಾಲವಿಡೀ ನಿಂತ ವಾಹನದ ಅಡಿಭಾಗಕ್ಕೆ ತುಕ್ಕು ಹಿಡಿಯುತ್ತದೆ. ಚಾಸಿಯ ತುಕ್ಕಿಗೆ ಕಳೆಯುವಷ್ಟು ಹಣವನ್ನು ಬ್ರೋಕರುಗಳು ಬೇರೆ ಯಾವ ದೋಷಕ್ಕೂ ಕಳೆಯುವುದಿಲ್ಲ.

ಕಿಲೋಮೀಟರ್ ಕಡಿಮೆ ಓಡಿದ್ದರೆ ಹೆಚ್ಚು ಬೆಲೆ ಬರುತ್ತದೆಯೇ?

ಸ್ವಲ್ಪ ಮಟ್ಟಿಗೆ. ಆದರೆ ಕ್ಯಾರವಾನು ಓಡಿ ಸವೆಯುವುದಕ್ಕಿಂತ ನಿಂತು ಸವೆಯುವುದೇ ಹೆಚ್ಚು. ಟೈರಿನ ಬದಿಯಲ್ಲಿರುವ ನಾಲ್ಕಂಕಿಯ ಸಂಖ್ಯೆ ನೋಡಿ: 2221 ಎಂದಿದ್ದರೆ 2021ನೇ ಇಸವಿಯ 22ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಟೈರಿನ ಮೇಲ್ಮೈ ಸವೆಯದಿದ್ದರೂ ಐದಾರು ವರ್ಷವಾದ ರಬ್ಬರು ಗಟ್ಟಿಯಾಗಿರುತ್ತದೆ, ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯಲು ಅದನ್ನು ನಂಬುವಂತಿಲ್ಲ. ತಿಂಗಳಿಗೊಮ್ಮೆಯಾದರೂ ಎಂಜಿನ್ ಬಿಸಿಯಾಗುವಷ್ಟು ದೂರ ಓಡಿಸಿದ ವಾಹನವನ್ನು ನಾನಾದರೆ, ಮೀಟರ್ ಕಡಿಮೆ ತೋರಿಸಿ ಅಂಗಳದಲ್ಲೇ ನಿಂತ ವಾಹನಕ್ಕಿಂತ ಮೇಲೆ ಇಡುತ್ತೇನೆ.

ಒಳಾಂಗಣದ ಯಾವ ವಸ್ತು ಬೆಲೆ ಉಳಿಸಿಕೊಳ್ಳುತ್ತದೆ?

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 2,000ಕ್ಕೂ ಹೆಚ್ಚು ಬಾರಿ ಚಾರ್ಜ್ ಆಗಿ ಬರಿದಾಗುವುದನ್ನು ತಾಳುತ್ತದೆ. ಸೀಸದ ಬ್ಯಾಟರಿಗೆ ಕೆಲವು ನೂರು ಬಾರಿಯಷ್ಟೇ ಆಯುಷ್ಯ. ಹಾಗಾಗಿ ಮೊದಲನೆಯದಕ್ಕೆ ಬೆಲೆ ಸಿಗುತ್ತದೆ, ಎರಡನೆಯದಕ್ಕೆ ಸಿಗುವುದಿಲ್ಲ. ಸೋಲಾರ್ ಹಲಗೆ ಮತ್ತು ಕಂಪ್ರೆಸರ್ ಫ್ರಿಜ್ಜಿಗೂ ಬೆಲೆಯಿದೆ. ಟಿವಿ, ಬಣ್ಣದ ದೀಪ, ದುಬಾರಿ ಸೋಫಾ ಬಟ್ಟೆ ಇವುಗಳಿಂದ ವಾಹನ ಬೇಗ ಮಾರಾಟವಾಗಬಹುದು, ಬೆಲೆ ಏರುವುದಿಲ್ಲ.

ಟಿಟಿ ಕೊಂಡು ಸೀಟು ಬಿಚ್ಚಿಸಿ ಮಂಚ ಹಾಕಿಸಿದ್ದೇನೆ. ಆರ್‌ಸಿಯಲ್ಲಿ ಹಳೆಯದೇ ವರ್ಗ ಇದೆ. ತೊಂದರೆಯೇ?

ದೊಡ್ಡ ತೊಂದರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ, ಮತ್ತು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿದಿದೆ. ಕ್ಯಾರವಾನುಗಳಿಗೆಂದೇ ಎಐಎಸ್ 124 ಎಂಬ ಮಾನದಂಡವಿದೆ. ಅದರಂತೆ ಅನುಮೋದನೆ ಪಡೆದ ವಾಹನದ ಆರ್‌ಸಿಯಲ್ಲಿ ಮೋಟಾರ್ ಕ್ಯಾರವಾನ್ ಅಥವಾ ಕ್ಯಾಂಪರ್ ವ್ಯಾನ್ ಎಂಬ ವರ್ಗ ನಮೂದಾಗಿರುತ್ತದೆ. ವರ್ಗ ಹೊಂದದ ವಾಹನಕ್ಕೆ ಬ್ಯಾಂಕ್ ಸಾಲ ಸಿಗುವುದು ಕಷ್ಟ, ಅಪಘಾತವಾದರೆ ವಿಮಾ ಕಂಪನಿ ತಕರಾರು ಎತ್ತಬಹುದು, ಆದ್ದರಿಂದ ತಿಳಿದ ಖರೀದಿದಾರರು ಒಳಾಂಗಣಕ್ಕೆ ಸೊನ್ನೆ ಬೆಲೆ ಕಟ್ಟುತ್ತಾರೆ. ಮುಂದಿನ ವಾಹನವನ್ನು ಅನುಮೋದನೆಯಿರುವ ತಯಾರಕರಿಂದಲೇ ಕೊಳ್ಳಿ, ಸ್ವಲ್ಪ ಹೆಚ್ಚು ಹಣವಾದರೂ ಸರಿ.

ಡೀಲರ್‌ಗೆ ಎಕ್ಸ್‌ಚೇಂಜ್ ಕೊಡುವುದು ಒಳ್ಳೆಯದೋ ನೇರವಾಗಿ ಮಾರುವುದೋ?

ನೇರ ಮಾರಾಟದಲ್ಲಿ ಹೆಚ್ಚು ಹಣ ಬರುತ್ತದೆ, ಆದರೆ ಕ್ಯಾರವಾನಿಗೆ ಕೊಳ್ಳುವವರು ಕಡಿಮೆ ಇರುವುದರಿಂದ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಎಕ್ಸ್‌ಚೇಂಜ್‌ಗೆ ಹೋಗುವುದಾದರೆ ಹಳೆಯದಕ್ಕೆ ಎಷ್ಟು ಕೊಡುತ್ತೀರಿ ಎಂಬ ಒಂದೇ ಪ್ರಶ್ನೆ ಕೇಳಿ ಸಂತೋಷಪಡಬೇಡಿ. ಹಳೆಯದನ್ನು ಕೊಡದೆ ಹೊಸದನ್ನು ಮಾತ್ರ ಕೊಂಡರೆ ಎಷ್ಟು ರಿಯಾಯಿತಿ, ಹೊಸದನ್ನು ಕೊಳ್ಳದೆ ಹಳೆಯದನ್ನು ಮಾತ್ರ ಕೊಟ್ಟರೆ ಎಷ್ಟು ಹಣ, ಎರಡಕ್ಕೂ ಪ್ರತ್ಯೇಕವಾಗಿ ಬರೆಸಿಕೊಳ್ಳಿ. ಹಳೆಯದಕ್ಕೆ ಒಂದು ಲಕ್ಷ ಹೆಚ್ಚು ತೋರಿಸಿ ಹೊಸದರ ರಿಯಾಯಿತಿಯಲ್ಲಿ ಅಷ್ಟೇ ಕಡಿತ ಮಾಡಿದರೆ ನಿಮಗೆ ಬಂದದ್ದು ಏನೂ ಇಲ್ಲ. ಕೊನೆಗೆ ನಿಮ್ಮ ಕೈಯಿಂದ ಹೋಗುವ ಒಟ್ಟು ಹಣವೊಂದೇ ಲೆಕ್ಕ.

ಎರಡು ಪುಟ್ಟ ವಿಷಯಗಳು. ಹತ್ತು ಲಕ್ಷ ಮೀರಿದ ಹೊಸ ವಾಹನಕ್ಕೆ ಡೀಲರ್ ಶೇ 1ರಷ್ಟು ಟಿಸಿಎಸ್ (ಮಾರುವಾಗಲೇ ಹಿಡಿಯುವ ಆದಾಯ ತೆರಿಗೆ) ವಸೂಲು ಮಾಡುತ್ತಾರೆ. 24 ಲಕ್ಷದ ವಾಹನಕ್ಕೆ ಅದು 24,000 ರೂಪಾಯಿ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಅದನ್ನು ಹಿಂಪಡೆಯಬಹುದು. ಹಾಗೆಯೇ ನೇರ ಮಾರಾಟದಲ್ಲಿ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ. ಪಡೆದಷ್ಟೇ ಮೊತ್ತದ ದಂಡ ಬೀಳುತ್ತದೆ.

ಸಾಲ ಇನ್ನೂ ಬಾಕಿಯಿದೆ. ಈಗ ಬದಲಿಸಬಹುದೇ?

ಬಾಕಿ ಸಾಲ ಮತ್ತು ಇಂದಿನ ಬೆಲೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಶೇ 10ರ ಬಡ್ಡಿಗೆ ಏಳು ವರ್ಷದ ಅವಧಿಗೆ 20 ಲಕ್ಷ ಸಾಲ ಮಾಡಿದ್ದರೆ ತಿಂಗಳ ಕಂತು ಸುಮಾರು 33,200 ರೂಪಾಯಿ. ಮೂರು ವರ್ಷ ತಪ್ಪದೆ ಕಟ್ಟಿದ ಮೇಲೂ ಸುಮಾರು 13 ಲಕ್ಷ ಬಾಕಿ ಇರುತ್ತದೆ. ವಾಹನಕ್ಕೆ 11 ಲಕ್ಷ ಬಂದರೆ ಉಳಿದ 2 ಲಕ್ಷವನ್ನು ನೀವು ಕೈಯಿಂದ ಹಾಕಬೇಕು. ಈ ಕೊರತೆಯನ್ನು ಹೊಸ ಸಾಲಕ್ಕೆ ಸೇರಿಸಿಕೊಳ್ಳಲು ಯಾರಾದರೂ ಸೂಚಿಸಿದರೆ ಒಪ್ಪಬೇಡಿ ಎಂಬುದು ನನ್ನ ಸಲಹೆ. ಒಂದು ವರ್ಷ ಕಾಯುವುದು ಮೇಲು. ಸಾಲ ತೀರಿದಾಗ ಬ್ಯಾಂಕಿನಿಂದ ಎನ್‌ಒಸಿ ಮತ್ತು ಫಾರಂ 35 ಪಡೆದು ಆರ್‌ಸಿಯಲ್ಲಿರುವ ಸಾಲದ ನಮೂದನ್ನು ತೆಗೆಸಿ.

ಯಾವ ತಿಂಗಳಲ್ಲಿ ಮಾರಿದರೆ ಒಳ್ಳೆಯದು?

ನಮ್ಮ ಕಡೆ ಅಡಿಕೆ ಕೊಯ್ಲು ಮುಗಿದು ಕೈಗೆ ಹಣ ಬರುವ ಹೊತ್ತು, ಅಂದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಜೊತೆಗೆ ಯುಗಾದಿಯೂ ಬರುತ್ತದೆ. ಆಷಾಢದಲ್ಲಿ ವಾಹನ ಕೊಳ್ಳಲು ಜನ ಹಿಂಜರಿಯುತ್ತಾರೆ, ಮೇಲಾಗಿ ಅದು ಜೋರು ಮಳೆಯ ಕಾಲ. ಮಳೆ ಹಿಂದೆ ಸರಿದು ಜೋಗದ ಕಡೆ ಪ್ರವಾಸಿಗರು ಓಡಾಡುವ ಸೆಪ್ಟೆಂಬರ್ ಕೊನೆಯಿಂದ ದೀಪಾವಳಿವರೆಗಿನ ಅವಧಿಯೂ ಚೆನ್ನಾಗಿದೆ. ಆದರೆ ಮೇ ತಿಂಗಳಲ್ಲಿ ಒಳ್ಳೆಯ ಬೆಲೆ ಬಂದರೆ ದೀಪಾವಳಿಗೆ ಕಾಯಬೇಡಿ, ಏಕೆಂದರೆ ನಡುವೆ ಒಂದು ಮಳೆಗಾಲವಿದೆ.

ಜಿಎಸ್‌ಟಿ ಇಳಿದದ್ದರಿಂದ ಹಳೆಯ ವಾಹನದ ಬೆಲೆಯೂ ಇಳಿಯಿತೇ?

ಹತ್ತು ಅಥವಾ ಹೆಚ್ಚು ಜನರನ್ನು ಸಾಗಿಸುವ ವಾಹನಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ತೆರಿಗೆಗೆ ಮೊದಲು 15 ಲಕ್ಷವಿರುವ ವ್ಯಾನು 19.2 ಲಕ್ಷದ ಬದಲು 17.7 ಲಕ್ಷಕ್ಕೆ ಸಿಗುವಾಗ, ಹಳೆಯದಕ್ಕೂ ಹಿಂದಿನ ಬೆಲೆ ಕೇಳಲಾಗುವುದಿಲ್ಲ. ದುಬಾರಿ ತೆರಿಗೆಯ ಕಾಲದಲ್ಲಿ ಕೊಂಡವರಿಗೆ ಇದು ನೋವಿನ ವಿಷಯವೇ. ಆದರೆ ನಿಮ್ಮ ಮೂಲ ವ್ಯಾನು ಇದೇ ವರ್ಗದ್ದಾಗಿ, ನೀವು ಕೊಳ್ಳಲಿರುವ ಹೊಸ ವಾಹನಕ್ಕೂ ಇದೇ ಕಡಿತ ಅನ್ವಯಿಸಿದರೆ ಬದಲಿಸುವವರ ನಷ್ಟ ಬಹುಮಟ್ಟಿಗೆ ತುಂಬಿಬರುತ್ತದೆ. ಮಾರಿ ಸುಮ್ಮನಾಗುವವರಿಗೆ ಮಾತ್ರ ಅದು ಪೂರ್ತಿ ನಷ್ಟ.

ಹೋಂಸ್ಟೇ ವ್ಯವಹಾರದ ಲೆಕ್ಕದಲ್ಲಿರುವ ಕ್ಯಾರವಾನ್ ಮಾರಿದರೆ ತೆರಿಗೆ ಹೇಗೆ?

ಇಲ್ಲಿ ಸವಕಳಿ ಎಂಬುದು ಮಾರುಕಟ್ಟೆಯ ವಿಷಯವಲ್ಲ, ಲೆಕ್ಕದ ಪುಸ್ತಕದ ವಿಷಯ. ಆದಾಯ ತೆರಿಗೆಯಲ್ಲಿ ವ್ಯವಹಾರಕ್ಕೆ ಬಳಸುವ ಕಾರಿಗೆ ವರ್ಷಕ್ಕೆ ಶೇ 15, ಬಾಡಿಗೆಗೆ ಓಡಿಸುವ ಟ್ಯಾಕ್ಸಿ ಮತ್ತು ಬಸ್ಸುಗಳಿಗೆ ಶೇ 30ರ ದರದಲ್ಲಿ, ಉಳಿದ ಮೌಲ್ಯದ ಮೇಲೆ ಸವಕಳಿ ಸಿಗುತ್ತದೆ. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ನಿಮ್ಮದು ಯಾವ ದರಕ್ಕೆ ಸೇರುತ್ತದೆ ಎಂಬುದನ್ನು ಪರ್ಮಿಟ್ ತೋರಿಸಿ ಲೆಕ್ಕಪರಿಶೋಧಕರಿಂದ ಖಚಿತಪಡಿಸಿಕೊಳ್ಳಿ.

ಶೇ 30 ಎಂದಿಟ್ಟುಕೊಂಡರೆ, 20 ಲಕ್ಷದ ವಾಹನದ ಪುಸ್ತಕ ಮೌಲ್ಯ ಮೊದಲ ವರ್ಷದ ಕೊನೆಗೆ 14 ಲಕ್ಷ, ಎರಡನೆಯ ವರ್ಷಕ್ಕೆ 9.8 ಲಕ್ಷ, ಮೂರನೆಯ ವರ್ಷಕ್ಕೆ 6.86 ಲಕ್ಷ. ಮಾರುಕಟ್ಟೆಯಲ್ಲಿ ಅದಕ್ಕೆ 11 ಲಕ್ಷ ಬಂದಿತು ಎನ್ನೋಣ. ಆ ದರದ ಗುಂಪಿನಲ್ಲಿ ಬೇರೆ ಸ್ವತ್ತು ಇಲ್ಲದೆ, ಹೊಸದನ್ನೂ ಆ ಹಣಕಾಸು ವರ್ಷದಲ್ಲಿ ಕೊಳ್ಳದಿದ್ದರೆ, 4.14 ಲಕ್ಷ ಅಲ್ಪಾವಧಿ ಬಂಡವಾಳ ಲಾಭವಾಗಿ ತೆರಿಗೆಗೆ ಒಳಪಡುತ್ತದೆ. ಅದೇ ವರ್ಷ, ಮಾರ್ಚ್ 31ರೊಳಗೆ, ಅದೇ ದರದ 24 ಲಕ್ಷದ ಹೊಸ ವಾಹನ ಕೊಂಡು ಬಳಕೆಗೆ ತಂದರೆ, 6.86ಕ್ಕೆ 24 ಕೂಡಿಸಿ 11 ಕಳೆದ 19.86 ಲಕ್ಷ ಹೊಸ ಮೌಲ್ಯವಾಗುತ್ತದೆ, ಲಾಭದ ತೆರಿಗೆ ಆಗ ಬರುವುದಿಲ್ಲ. ಹಳೆಯದನ್ನು ಮಾರ್ಚ್‌ನಲ್ಲಿ ಮಾರಿ ಹೊಸದನ್ನು ಏಪ್ರಿಲ್‌ನಲ್ಲಿ ತಂದರೆ ಈ ಅನುಕೂಲ ತಪ್ಪಿಹೋಗುತ್ತದೆ. ಕೆಲವೇ ದಿನಗಳ ಅಂತರಕ್ಕೆ ಇಷ್ಟು ತೆರಿಗೆ ಕಟ್ಟುವುದು ತಪ್ಪಿಸಬಹುದಾದ ನಷ್ಟ.

ಜಿಎಸ್‌ಟಿ ನೋಂದಣಿಯಿರುವವರು ಹಳೆಯ ವಾಹನ ಮಾರಿದರೆ, ಅದನ್ನು ಕೊಂಡಾಗ ಇನ್‌ಪುಟ್ ತೆರಿಗೆ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ತಮ್ಮ ಜಿಎಸ್‌ಟಿ ಬಾಕಿಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಪಡೆದಿರದಿದ್ದರೆ, ಪೂರ್ತಿ ಬೆಲೆಯ ಮೇಲಲ್ಲ, ಮಾರಿದ ಬೆಲೆ ಮತ್ತು ಪುಸ್ತಕ ಮೌಲ್ಯದ ನಡುವಿನ ಅಂತರದ ಮೇಲೆ ಮಾತ್ರ ಶೇ 18 ಕಟ್ಟಬೇಕು. ಮೇಲಿನ ಉದಾಹರಣೆಯಲ್ಲಿ 4.14 ಲಕ್ಷಕ್ಕೆ 74,520 ರೂಪಾಯಿ. ಅಂತರ ಋಣಾತ್ಮಕವಾಗಿದ್ದರೆ ತೆರಿಗೆಯಿಲ್ಲ. ಬೆಲೆ ಮಾತನಾಡುವಾಗಲೇ ಈ ಮೊತ್ತವನ್ನು ಗಮನದಲ್ಲಿಡಿ.

ಸ್ವಂತ ಬಳಕೆಯ ವಾಹನಕ್ಕೂ ಈ ತೆರಿಗೆಗಳಿವೆಯೇ?

ಇಲ್ಲ. ನೋಂದಣಿಯಿಲ್ಲದ ವ್ಯಕ್ತಿ ತನ್ನ ಸ್ವಂತ ಬಳಕೆಯ ವಾಹನ ಮಾರಿದರೆ ಜಿಎಸ್‌ಟಿಯೂ ಇಲ್ಲ, ಬಂಡವಾಳ ಲಾಭದ ತೆರಿಗೆಯೂ ಇಲ್ಲ.

ಹಣ ಬಂತು, ಕೀ ಕೊಟ್ಟೆ. ಇನ್ನೇನಾದರೂ ಉಳಿದಿದೆಯೇ?

ಮುಖ್ಯವಾದದ್ದೇ ಉಳಿದಿದೆ. ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಮಾರಿದವರು ಫಾರಂ 29ರ ಮೂಲಕ ಆರ್‌ಟಿಒಗೆ ತಿಳಿಸಬೇಕು. ಕೊಂಡವರು 30 ದಿನದೊಳಗೆ ಫಾರಂ 30 ಸಲ್ಲಿಸಬೇಕು. ಕೆಎ 14 ವಾಹನ ಬೇರೆ ರಾಜ್ಯಕ್ಕೆ ಹೋಗುವುದಾದರೆ ಫಾರಂ 28ರ ಎನ್‌ಒಸಿಯೂ ಬೇಕು. ಹೆಸರು ಬದಲಾಗುವವರೆಗೆ ಆನ್‌ಲೈನ್‌ನಲ್ಲಿ ನೋಡುತ್ತಲೇ ಇರಿ.

ಕ್ಲೇಮು ಮಾಡದೆ ಗಳಿಸಿದ ನೋ ಕ್ಲೇಮ್ ಬೋನಸ್ ವಾಹನದ್ದಲ್ಲ, ನಿಮ್ಮದು. ಐದು ವರ್ಷ ಕ್ಲೇಮು ಇಲ್ಲದಿದ್ದರೆ ಸ್ವಂತ ಹಾನಿ ಭಾಗದ ಪ್ರೀಮಿಯಂನಲ್ಲಿ ಶೇ 50 ಕಡಿತ ಸಿಗುತ್ತದೆ. ಹಳೆಯ ಪಾಲಿಸಿ ವರ್ಗಾಯಿಸುವಾಗ ಬೋನಸ್ ಪ್ರಮಾಣಪತ್ರ ಬರೆಸಿಕೊಂಡರೆ ಮೂರು ವರ್ಷದೊಳಗೆ ಹೊಸ ವಾಹನಕ್ಕೆ ಬಳಸಬಹುದು. ಎಕ್ಸ್‌ಚೇಂಜ್ ಗಡಿಬಿಡಿಯಲ್ಲಿ ಜನ ಹೆಚ್ಚಾಗಿ ಮರೆಯುವುದು ಇದನ್ನೇ.

ಹೊಸದರ ಬದಲು ದೊಡ್ಡದಾದ ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ಕೊಳ್ಳಬಹುದೇ?

ಖಂಡಿತ ಕೊಳ್ಳಬಹುದು. ಒಳಾಂಗಣದ ದೊಡ್ಡ ಸವಕಳಿಯನ್ನು ಮೊದಲ ಮಾಲೀಕರೇ ಹೊತ್ತಿರುವುದರಿಂದ ಮೂರು ನಾಲ್ಕು ವರ್ಷದ ವಾಹನವೇ ನನ್ನ ಮೊದಲ ಆಯ್ಕೆ. ಆದರೆ ನೆರೆ ನೀರಿನಲ್ಲಿ ನಿಂತ ವಾಹನದ ಬಗ್ಗೆ ಎಚ್ಚರವಿರಲಿ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ಬಡಾವಣೆಗಳಿಗೇ ನುಗ್ಗಿದ್ದಳು. ಸೀಟಿನ ಹಳಿ, ಸೀಟ್ ಬೆಲ್ಟಿನ ತುದಿಯನ್ನು ಪೂರ್ತಿ ಎಳೆದಾಗ ಕಾಣುವ ಭಾಗ, ಡ್ಯಾಶ್‌ಬೋರ್ಡಿನ ಹಿಂದಿನ ವೈರುಗಳಲ್ಲಿ ಮೆಕ್ಕಲು ಮಣ್ಣಿನ ಗುರುತು ಹುಡುಕಿ. ಬಾಡಿಗೆಗೆ ನೋಂದಾಯಿಸಿದ ಹಳದಿ ಬೋರ್ಡಿನ ವಾಹನವಾದರೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ ಎಫ್‌ಸಿ (ವಾಹನ ಓಡಿಸಲು ಯೋಗ್ಯವಾಗಿದೆ ಎಂಬ ಪ್ರಮಾಣಪತ್ರ) ಮಾಡಿಸಬೇಕು. ಏಳು ವರ್ಷ ದಾಟಿದ ವಾಹನದ ಬೆಲೆ ಮಾತನಾಡುವಾಗ ಈ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬದಲಿಸುವ ಬದಲು ಇರುವುದರ ಒಳಾಂಗಣವನ್ನೇ ಹೊಸದು ಮಾಡಿಸಿದರೆ?

ಚಾಸಿಗೆ ತುಕ್ಕು ಹಿಡಿದಿಲ್ಲ, ಎಂಜಿನ್ ಚೆನ್ನಾಗಿದೆ, ಆರ್‌ಸಿಯ ವರ್ಗ ಸರಿಯಾಗಿದೆ, ಮಲಗುವ ಜಾಗವೂ ಸಾಕು ಎಂದಾದರೆ ಅದೇ ಒಳ್ಳೆಯದು, ಆದರೆ ಇನ್ನೂ ನಾಲ್ಕೈದು ವರ್ಷ ನೀವೇ ಬಳಸುವುದಾದರೆ ಮಾತ್ರ. ಮಾರುವ ಉದ್ದೇಶದಿಂದ ಹೊಸ ಒಳಾಂಗಣ ಮಾಡಿಸಬೇಡಿ, ಹಾಕಿದ ಹಣ ಬೆಲೆಯಲ್ಲಿ ಹಿಂದಿರುಗುವುದಿಲ್ಲ. ಮಾರುವ ಮುಂಚೆ ಖರ್ಚು ಮಾಡಲೇಬೇಕೆಂದರೆ ಚಾವಣಿಯ ಸೀಲಂಟ್, ಅಡಿಭಾಗದ ತುಕ್ಕು ನಿವಾರಣೆ ಮತ್ತು ವಯಸ್ಸಾದ ಟೈರು, ಇಷ್ಟಕ್ಕೆ ಮಾಡಿ.